ಅಳಿಸಿಹೋಗುವ ಮುನ್ನ ಆಟದ ಮಾತುಗಳನ್ನು ಕೂಡಿಡಿ: ಬಾನುಲಿಯವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ನಾಡಿನ ಬಾನುಲಿ ನಿಲಯಗಳ ಮುಖ್ಯಸ್ಥರು ಹಾಗೂ
ಅವುಗಳ ಧ್ವನಿ ಭಂಡಾರಗಳ ಹೊಣೆ ಹೊತ್ತಿರುವ ಅಧಿಕಾರಿಗಳು

ವಿಷಯ: ಹಳೆಯ ಕ್ರೀಡಾ ವೀಕ್ಷಕ ವಿವರಣೆ ಮತ್ತು ಕ್ರೀಡಾ ಮಾತುಕತೆಗಳ ಧ್ವನಿಮುದ್ರಣಗಳನ್ನು ಹುಡುಕಿ ಉಳಿಸುವ ಬಗ್ಗೆ ಹಾಗೂ ಕೇಳುಗರೂ ಪಾಲ್ಗೊಳ್ಳುವ ಕನ್ನಡ ಕ್ರೀಡಾ ಮಾತುಕತೆಗೆ ವಾರಕ್ಕೊಂದು ಗಂಟೆ ಮೀಸಲಿಡುವ ಬಗ್ಗೆ.

ಮಾನ್ಯರೇ,

ನಾನು ತಿಪಟೂರಿನವನು. ಪ್ರೌಢಶಾಲೆಯಲ್ಲಿ ಮೂರು ದಶಕ ಸಮಾಜ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತನಾಗಿದ್ದೇನೆ. ಬಾನುಲಿಯಲ್ಲಿ ನಾನು ಎಂದೂ ಕೆಲಸ ಮಾಡಿದವನಲ್ಲ, ಮೈಕಿನ ಮುಂದೆ ಒಮ್ಮೆಯೂ ಕುಳಿತವನಲ್ಲ. ಐವತ್ತು ವರ್ಷಗಳಿಂದ ಕೇಳುತ್ತ ಬಂದವನು ಎಂಬುದೊಂದೇ ಈ ಪತ್ರ ಬರೆಯಲು ನನಗಿರುವ ಅರ್ಹತೆ. ಅದು ಸಣ್ಣ ಅರ್ಹತೆಯಲ್ಲ ಎಂದು ನಂಬಿಕೊಂಡೇ ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಒಂದು ನಿಲಯಕ್ಕೆ ಪತ್ರ ಹಾಕಿ, ಎಪ್ಪತ್ತು ಮತ್ತು ಎಂಬತ್ತರ ದಶಕಗಳ ಪಂದ್ಯಗಳ ವೀಕ್ಷಕ ವಿವರಣೆಯಾಗಲಿ, ಊಟದ ವಿರಾಮದಲ್ಲಿ ಹಳೆಯ ಆಟಗಾರರು ಆಡುತ್ತಿದ್ದ ಮಾತುಗಳಾಗಲಿ, ಕನ್ನಡದಲ್ಲಿ ಪ್ರಸಾರವಾದ ಕ್ರೀಡಾ ಭಾಷಣ ಸಂದರ್ಶನಗಳಾಗಲಿ ಏನಾದರೂ ಉಳಿದಿದ್ದರೆ ಅವನ್ನು ಸಾಮಾನ್ಯ ಕೇಳುಗನೊಬ್ಬ ಕೇಳುವ ದಾರಿ ಯಾವುದು ಎಂದು ವಿಚಾರಿಸಿದ್ದೆ. ಉತ್ತರ ಬರಲಿಲ್ಲ. ಮೂರು ತಿಂಗಳು ಕಾದು ಫೋನ್ ಮಾಡಿದೆ. ಆ ಕಡೆ ಮಾತನಾಡಿದವರು ಸಭ್ಯರೇ. "ಇದೆಯೋ ಇಲ್ಲವೋ ನೋಡಬೇಕು ಸಾರ್. ಇದ್ದರೂ ಅದನ್ನೆಲ್ಲ ಈಗ ಯಾರು ಕೇಳ್ತಾರೆ?" ಎಂದರು. ಅದು ಯಾವ ನಿಲಯವೆಂದು ಇಲ್ಲಿ ಹೇಳುವುದಿಲ್ಲ, ಏಕೆಂದರೆ ನನ್ನ ದೂರು ಒಬ್ಬ ನೌಕರರ ಮೇಲಾಗಲಿ ಒಂದು ಕಟ್ಟಡದ ಮೇಲಾಗಲಿ ಅಲ್ಲ. ಆ ಪ್ರಶ್ನೆಯ ಮೇಲೆ. ಯಾರು ಕೇಳುತ್ತಾರೆ ಎಂಬುದಕ್ಕೆ ಮೊದಲು ಯಾರು ಕೇಳುತ್ತಿದ್ದರು, ಹೇಗೆ ಕೇಳುತ್ತಿದ್ದರು ಎಂಬುದನ್ನು ತಮ್ಮ ಗಮನಕ್ಕೆ ತರುವುದು ಉಚಿತ.

1975ರ ಜನವರಿ 11, ಶನಿವಾರ. ನಾನು ಐದನೆಯ ತರಗತಿ. ಬೆಳಗಿನ ಶಾಲೆ ಮುಗಿದೊಡನೆ ಚೀಲವನ್ನು ಜಗುಲಿಯ ಮೇಲೆ ಎಸೆದು ಕೊಬ್ಬರಿ ಮಂಡಿಯ ಪಕ್ಕದ ಸೈಕಲ್ ಶಾಪಿಗೆ ಓಡಿದೆ. ಅಂಗಡಿಯೊಳಗೆ ಟ್ಯೂಬು, ಸ್ಪೋಕು, ಗ್ರೀಸಿನ ಡಬ್ಬಗಳ ಮೇಲಿನ ಹಲಗೆಯಲ್ಲಿ ಒಂದು ಮರ್ಫಿ ವಾಲ್ವ್ ರೇಡಿಯೊ ಇತ್ತು. ಸ್ವಿಚ್ ಹಾಕಿದರೆ ಅದು ಕಾಯ್ದು ಮಾತು ಶುರು ಮಾಡಲು ಒಂದೆರಡು ನಿಮಿಷ ಹಿಡಿಯುತ್ತಿತ್ತು. ಗೋಡೆಯಿಂದ ಗೋಡೆಗೆ ತಾಮ್ರದ ಜಾಲರಿಯ ಏರಿಯಲ್ ಕಟ್ಟಿದ್ದರು. ಹೊರಗೆ, ಪಂಕ್ಚರ್ ನೋಡುವ ನೀರಿನ ತೊಟ್ಟಿಯ ಪಕ್ಕದಲ್ಲಿ, ಯಾವುದೋ ಶಾಲೆಯಿಂದ ರದ್ದಾಗಿ ಬಂದ ಕಪ್ಪು ಹಲಗೆಯೊಂದನ್ನು ಗೋಡೆಗೆ ಒರಗಿಸಿದ್ದರು. ಅದರ ಮೇಲೆ ಸುಣ್ಣದ ಕಡ್ಡಿಯಲ್ಲಿ ಸ್ಕೋರ್ ಬರೆಯುವುದು ನನ್ನ ಕೆಲಸ. ಅಕ್ಷರ ದುಂಡಗಿದೆ ಎಂಬ ಕಾರಣಕ್ಕೆ ಆ ಪದವಿ ನನಗೆ ಸಿಕ್ಕಿತ್ತು.

ಮದರಾಸಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್. ವಿವರಣೆ ಇಂಗ್ಲಿಷಿನಲ್ಲಿ ಸ್ವಲ್ಪ ಹೊತ್ತು, ಹಿಂದಿಯಲ್ಲಿ ಸ್ವಲ್ಪ ಹೊತ್ತು. ಅಂಗಡಿಯ ಮುಂದೆ ನಿಂತಿದ್ದವರಲ್ಲಿ ಬಹುಪಾಲು ಮಂಡಿಯ ಹಮಾಲರು, ಗಾಡಿ ಹೊಡೆಯುವವರು, ನನ್ನಂಥ ಹುಡುಗರು. ಎರಡು ಭಾಷೆಯೂ ನಮಗೆ ಅಷ್ಟಕ್ಕಷ್ಟೇ. ಆದ್ದರಿಂದ ಇಂಗ್ಲಿಷಿನ ಸರದಿಯಲ್ಲಿ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಸ್ಟೂಲಿನ ಮೇಲೆ ಕುಳಿತು, ಕೈಯನ್ನು ಬಸ್ ಕಂಡಕ್ಟರರಂತೆ ಎತ್ತಿ ಗದ್ದಲ ನಿಲ್ಲಿಸಿ, ನಡೆದದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು. ಹಿಂದಿಯ ಸರದಿ ಬಂದೊಡನೆ ಸೈಕಲ್ ಶಾಪಿನ ಸಾಬರು, ಚಕ್ರದ ಕಂಬಿ ಬಿಗಿಯುತ್ತಲೇ, ತಲೆ ಎತ್ತದೆ ಹೇಳುತ್ತಿದ್ದರು. ಮೇಷ್ಟ್ರ ಕನ್ನಡ ವ್ಯಾಕರಣಬದ್ಧ: "ಚೆಂಡು ಬ್ಯಾಟಿನ ಅಂಚನ್ನು ಸವರಿಕೊಂಡು ಹಿಂದಕ್ಕೆ ಹೋಯಿತು." ಸಾಬರದು ಮೂರೇ ಮಾತು: "ತಾಗ್ತು. ಹಿಡೀಲಿಲ್ಲ. ಬದುಕ್ದ." ಗಲ್ಲಿಗೆ (ಅದು ಫೀಲ್ಡರ್ ನಿಲ್ಲುವ ಒಂದು ಜಾಗದ ಹೆಸರು) ಚೆಂಡು ಹೋಯಿತು ಎಂದಾಗ ಅದು ಮೈದಾನ ದಾಟಿ ಯಾವುದೋ ಓಣಿಗೆ ಬಿತ್ತೆಂದು ನಾನು ಬಹುಕಾಲ ತಿಳಿದಿದ್ದೆ. ಓಣಿಗೆ ಹೋದ ಚೆಂಡಿಗೆ ನಾಲ್ಕು ರನ್ ಯಾಕೆ ಕೊಡುವುದಿಲ್ಲ ಎಂದು ಕೇಳಿ ನಗೆಪಾಟಲಾದದ್ದೂ ಉಂಟು.

ಅಂದು ಆಂಡಿ ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್ ಕಿತ್ತರು. ಒಂದು ಕಡೆಯಿಂದ ಒಬ್ಬೊಬ್ಬರೇ ಹೋಗುತ್ತಿದ್ದರೆ ಇನ್ನೊಂದು ಕಡೆ ನಮ್ಮ ಭದ್ರಾವತಿಯ ವಿಶ್ವನಾಥ್ ನಿಂತೇ ಇದ್ದರು. ತೊಂಬತ್ತು ದಾಟಿದಾಗ ಮೇಷ್ಟ್ರು ನನ್ನ ಕಡೆ ತಿರುಗಿ, "ಲೇ, ಮೂರು ಅಂಕಿಗೆ ಜಾಗ ಬಿಟ್ಟು ಬರಿ" ಎಂದರು. ನಾನು ಒದ್ದೆ ಬಟ್ಟೆಯಲ್ಲಿ ಹಲಗೆಯನ್ನು ಒರೆಸಿ, ಹೆಸರನ್ನು ಎಡಕ್ಕೆ ಸರಿಸಿ ಬರೆದು, ಜಾಗ ಬಿಟ್ಟು ಕಾದೆ. 190ಕ್ಕೆ ಕೊನೆಯ ವಿಕೆಟ್ ಬಿತ್ತು. ವಿಶ್ವನಾಥ್ ಔಟಾಗದೆ 97. ಬಿಟ್ಟಿದ್ದ ಜಾಗ ಹಾಗೆಯೇ ಉಳಿಯಿತು. ಮರುದಿನ ವೆಸ್ಟ್ ಇಂಡೀಸಿನ ಸ್ಕೋರ್ ಬರೆಯಲು ಹಲಗೆ ಒರೆಸಹೋದಾಗ ಸಾಬರು ತಡೆದರು. ಹಲಗೆಯನ್ನು ತಿರುಗಿಸಿ ಬೆನ್ನಿಗೆ ಬರೆಯಲು ಹೇಳಿದರು. ಪ್ರಸನ್ನ ಎರಡು ಇನಿಂಗ್ಸ್ ಸೇರಿ ಒಂಬತ್ತು ವಿಕೆಟ್ ತೆಗೆದು, ಭಾರತ ನೂರು ರನ್ನುಗಳಿಂದ ಗೆದ್ದು, ಸಂಕ್ರಾಂತಿಯ ಎಳ್ಳು ಬೆಲ್ಲವೆಲ್ಲ ಮುಗಿದ ಮೇಲೂ ಆ 97 ಹಲಗೆಯ ಮುಖದ ಮೇಲೆ ಇತ್ತು.

ಮಾನ್ಯರೇ, ಈ ಪ್ರಸಂಗವನ್ನು ಇಷ್ಟು ವಿಸ್ತರಿಸಿದ್ದಕ್ಕೆ ಕಾರಣವಿದೆ. ಅಂದು ದಿನದ ಆಟ ಮುಗಿದ ಮೇಲೆ ರೇಡಿಯೊ ಆರಿಸಿದರೂ ಜನ ಚದುರಲಿಲ್ಲ. ಕೊನೆಯವರು ಬಂದಾಗ ವಿಶ್ವನಾಥ್ ಒಂಟಿ ರನ್ ಓಡಬೇಕಿತ್ತೋ ಬಾರದಿತ್ತೋ ಎಂಬ ಬಗ್ಗೆ ದೀಪ ಹಚ್ಚುವ ಹೊತ್ತಿನವರೆಗೂ ವಾದ ನಡೆಯಿತು. ಕ್ರಿಕೆಟ್ ಮೈದಾನವನ್ನೇ ಕಂಡಿರದ ಹಮಾಲರೊಬ್ಬರು, ನೂರು ಮೂಟೆ ಇಳಿಸಬೇಕಾದವನು ತೊಂಬತ್ತೇಳನೆಯದರಲ್ಲಿ ಲೆಕ್ಕ ನೋಡುತ್ತ ಕೂರುವುದಿಲ್ಲ, ಆತ ತಂಡಕ್ಕಾಗಿ ಆಡಿದ ಎಂದು ಮೇಷ್ಟ್ರಿಗೇ ಎದುರು ಹೇಳಿದರು. ನಾನು ಕೇಳಿದ ಮೊದಲ ಕ್ರೀಡಾ ಮಾತುಕತೆ ಅದೇ. ಬೇರೆ ದೇಶಗಳಲ್ಲಿ ಕೇಳುಗರು ನಿಲಯಕ್ಕೆ ಫೋನ್ ಮಾಡಿ ಆಟದ ಬಗ್ಗೆ ವಾದಿಸುವ ಕಾರ್ಯಕ್ರಮಗಳಿಗಾಗಿ ಇಡೀ ನಿಲಯಗಳನ್ನೇ ಮುಡಿಪಾಗಿಟ್ಟಿದ್ದಾರೆ. ನಮ್ಮಲ್ಲಿ ಬಾನುಲಿ ಆಟವನ್ನು ಹೇಳಿತು, ಮಾತನ್ನು ನಾವು ಬೀದಿಯಲ್ಲಿ ಬೆಳೆಸಿದೆವು. ಆ ಎರಡರಲ್ಲಿ ಬೀದಿಯ ಮಾತನ್ನು ಯಾರೂ ಮುದ್ರಿಸಿಕೊಳ್ಳುವುದು ಸಾಧ್ಯವಿರಲಿಲ್ಲ, ಒಪ್ಪುತ್ತೇನೆ. ಬಾನುಲಿಯ ಮಾತಾದರೂ ಉಳಿದಿರಬೇಕಲ್ಲವೇ?

ನಮ್ಮ ದೇಶದಲ್ಲಿ ಈ ಮಾತಿನ ಪರಂಪರೆ ಚಿಕ್ಕದಲ್ಲ. 1934ರಲ್ಲಿ ಬಾಂಬೆಯ ಎಸ್ಪ್ಲನೇಡ್ ಮೈದಾನದಿಂದ ಬಾಬಿ ತಲ್ಯಾರ್‌ಖಾನ್ ಪಂದ್ಯವೊಂದರ ವಿವರಣೆ ನೀಡಿದರು. ಮುಂದೆಯೂ ದಿನವಿಡೀ ಒಬ್ಬರೇ ಮಾತನಾಡುವುದು ಅವರ ರೀತಿಯಾಗಿತ್ತು. ಮೈಕನ್ನು ಇನ್ನೊಬ್ಬರೊಡನೆ ಹಂಚಿಕೊಳ್ಳಲು ಒಪ್ಪದೆ, ಹಲವರು ಸರದಿಯಂತೆ ಮಾತನಾಡುವ ಪದ್ಧತಿ ಬಂದಾಗ ಎದ್ದು ಹೋದವರು ಅವರು. ಆ ಬಾಂಬೆ ಪಂದ್ಯದ ಮರುವರ್ಷವೇ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಸಣ್ಣ ಪ್ರೇಷಕವೊಂದನ್ನು ಇಟ್ಟು ನಿಲಯ ಆರಂಭಿಸಿದರು; ಇಡೀ ದೇಶದ ಬಾನುಲಿಗೆ ಮುಂದೆ ಹೆಸರಾದ 'ಆಕಾಶವಾಣಿ' ಎಂಬ ಮಾತು ಆ ಮೈಸೂರಿನ ನಿಲಯದ್ದು. 1950ರಲ್ಲಿ ಧಾರವಾಡ, 1955ರಲ್ಲಿ ಬೆಂಗಳೂರು, 1965ರಲ್ಲಿ ಭದ್ರಾವತಿ, ಅನಂತರ ಕಲಬುರಗಿ, ಮಂಗಳೂರು. ಪಿಯರ್ಸನ್ ಸುರಿಟಾ, ದೇವರಾಜ್ ಪುರಿ, ಆನಂದ್ ಸೆಟಲ್ವಾಡ್, ಸುರೇಶ್ ಸರಯ್ಯ, ಜಸ್ದೇವ್ ಸಿಂಗ್, ಸುಶೀಲ್ ದೋಶಿ ಈ ವಿವರಣೆಗಾರರೆಲ್ಲ ನಮ್ಮ ಪಾಲಿಗೆ ಮುಖವಿಲ್ಲದ ನೆಂಟರು. ವಿವಿಧಭಾರತಿಯಲ್ಲಿ ವಿಜಯ್ ಮರ್ಚೆಂಟ್ ಕ್ರಿಕೆಟ್ ಕುರಿತೇ ನಡೆಸುತ್ತಿದ್ದ ಕಾರ್ಯಕ್ರಮಕ್ಕಾಗಿ ಕಾಯುತ್ತಿದ್ದವರು ನನ್ನ ವಯಸ್ಸಿನವರಲ್ಲಿ ಇಂದಿಗೂ ಇದ್ದಾರೆ. ಪಂದ್ಯವೇ ಇಲ್ಲದ ದಿನ ಆಟದ ಬಗ್ಗೆ ಬರೀ ಮಾತು: ಅದೂ ಕೇಳುವಂಥದ್ದೇ ಎಂದು ನಮಗೆ ಕಲಿಸಿದ್ದು ಅದು.

ಅದೇ 1975ರ ಮಾರ್ಚ್ 15ರಂದು ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 2–1ರಿಂದ ಸೋಲಿಸಿ ಭಾರತ ಹಾಕಿ ವಿಶ್ವಕಪ್ ಗೆದ್ದಾಗ ಜಸ್ದೇವ್ ಸಿಂಗರ ದನಿ ಎಷ್ಟು ವೇಗವಾಗಿ ಓಡುತ್ತಿತ್ತೆಂದರೆ, ಸಾಬರಿಗೆ ಕನ್ನಡ ಮಾಡಲು ಪುರಸೊತ್ತೇ ಸಿಗದೆ ಕೊನೆಗೆ ಸುಮ್ಮನೆ ಕೈ ಎತ್ತಿ ನಿಂತುಬಿಟ್ಟರು. ಆ ತಂಡದಲ್ಲಿ ನಮ್ಮ ಕೊಡಗಿನ ಬಿ.ಪಿ. ಗೋವಿಂದ ಇದ್ದರೆಂಬುದನ್ನು ಮಡಿಕೇರಿ ಕಡೆಯಿಂದ ವರ್ಗವಾಗಿ ಬಂದಿದ್ದ ಅಂಚೆ ಗುಮಾಸ್ತರೊಬ್ಬರು ಆಮೇಲೆ ವಾರಗಟ್ಟಲೆ ನೆನಪಿಸುತ್ತಿದ್ದರು.

ಮನೆಗೆ ಟ್ರಾನ್ಸಿಸ್ಟರ್ ಬಂದದ್ದು ಅದಾದ ಮೇಲೆ. ಚರ್ಮದ ಕವಚ, ಸ್ಪೀಕರಿನ ಕಡೆ ಸಾಲು ತೂತು, ಹೆಗಲಿಗೆ ಹಾಕಿಕೊಳ್ಳಲು ಪಟ್ಟಿ. ಅದರ ಲೈಸೆನ್ಸಿನ ಪುಸ್ತಕ ಹಿಡಿದು ವರ್ಷಕ್ಕೊಮ್ಮೆ ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಿ ಬರುತ್ತಿದ್ದವನು ನಾನೇ. ಕೇಳುವುದಕ್ಕೂ ಸರ್ಕಾರಕ್ಕೆ ದುಡ್ಡು ಕೊಟ್ಟ ಪೀಳಿಗೆ ನಮ್ಮದು ಎಂಬುದನ್ನು ದಯವಿಟ್ಟು ಗಮನಿಸಬೇಕು. 1977ರ ಡಿಸೆಂಬರ್ ಕೊನೆಯಲ್ಲಿ ಮೆಲ್ಬರ್ನ್ ಟೆಸ್ಟ್ ಶುರುವಾದಾಗ ನಮ್ಮಲ್ಲಿ ಇನ್ನೂ ಬೆಳಕು ಹರಿಯದ ಐದೂವರೆ. ಅಪ್ಪ ಎದ್ದರೆ ಬೈಯುತ್ತಾರೆಂದು ಟ್ರಾನ್ಸಿಸ್ಟರನ್ನು ಕಂಬಳಿಯೊಳಗೆ ಇಟ್ಟುಕೊಂಡು ಶಾರ್ಟ್‌ವೇವಿನ ಮುಳ್ಳನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದೆ. ದನಿ ಸಮುದ್ರದ ಅಲೆಯಂತೆ ಹತ್ತಿರ ಬಂದು ದೂರ ಹೋಗುತ್ತಿತ್ತು. ವಿಕೆಟ್ ಬಿದ್ದದ್ದು ಜನರ ಗದ್ದಲದಿಂದ ಗೊತ್ತಾಗುತ್ತಿತ್ತೇ ಹೊರತು ಯಾರದೆಂದು ತಿಳಿಯಲು ಮುಂದಿನ ಅಲೆ ಬರಬೇಕಿತ್ತು. ಸೆಲ್ ತೀರಿಹೋದರೆ ಬಿಸಿಲಿಗಿಟ್ಟು ಇನ್ನೊಂದು ದಿನ ಓಡಿಸುವುದು. ಆ ಪಂದ್ಯದಲ್ಲಿ ಮೈಸೂರಿನ ಚಂದ್ರಶೇಖರ್ ಮೊದಲ ಇನಿಂಗ್ಸಿನಲ್ಲಿ 52ಕ್ಕೆ 6, ಎರಡನೆಯದರಲ್ಲೂ 52ಕ್ಕೆ 6 ವಿಕೆಟ್ ತೆಗೆದರು. ಆಸ್ಟ್ರೇಲಿಯಾದ ನೆಲದಲ್ಲಿ ಭಾರತದ ಮೊದಲ ಗೆಲುವು ಅದು. ಪೋಲಿಯೊದಿಂದ ಸೊರಗಿದ ಬಲಗೈಯ ತೋಳನ್ನು ಮಣಿಕಟ್ಟಿನವರೆಗೆ ಗುಂಡಿ ಹಾಕಿ ಮುಚ್ಚಿಕೊಂಡು ಅವರು ಓಡಿ ಬರುತ್ತಾರೆಂಬುದನ್ನು ನಾನು ತಿಳಿದದ್ದು ಕಣ್ಣಿನಿಂದಲ್ಲ. ಯಾರೋ ಮೈಕಿನ ಮುಂದೆ ಕುಳಿತವರು ಅದನ್ನು ಹೇಳಿದರು, ನಾನು ಕಂಬಳಿಯೊಳಗೆ ಕಂಡೆ.

ಈಗ ನನ್ನ ದೂರಿನ ತಿರುಳಿಗೆ ಬರುತ್ತೇನೆ. ಮುದ್ರಿಸಿಕೊಳ್ಳದ ಆಟ ಏನಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಜ್ ವೆಲ್ಸಿನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಔಟಾಗದೆ 175 ರನ್ ಹೊಡೆದರು. ಮೊದಲು ಜೊತೆ ನಿಂತವರು ನಮ್ಮ ರೋಜರ್ ಬಿನ್ನಿ, ಕೊನೆಯವರೆಗೆ ನಿಂತು ಒಂಬತ್ತನೆಯ ವಿಕೆಟ್ಟಿಗೆ ಮುರಿಯದ 126 ರನ್ ಸೇರಿಸಿದವರು ನಮ್ಮ ಸೈಯದ್ ಕಿರ್ಮಾನಿ. ಅಂದು ಬಿಬಿಸಿಯ ದೂರದರ್ಶನ ಕ್ಯಾಮೆರಾ ಆ ಮೈದಾನದಲ್ಲಿ ಇರಲಿಲ್ಲ. ಆ ಆಟದ ದೃಶ್ಯ ಇಲ್ಲವೆಂದು ನಲವತ್ತು ವರ್ಷಗಳಿಂದ ದೇಶವೇ ಹಳಹಳಿಸುತ್ತಿದೆ. ಒಂದು ದಿನದ ದೃಶ್ಯ ಇಲ್ಲದ್ದಕ್ಕೆ ಇಷ್ಟು ಹಳಹಳಿ. ನಮ್ಮ ನಿಲಯಗಳ ಹಳೆಯ ಸ್ಪೂಲು, ಕ್ಯಾಸೆಟ್ಟುಗಳಲ್ಲಿ ವರ್ಷಗಟ್ಟಲೆ ಆಡಿದ ಮಾತು ಇದೆಯೋ ಇಲ್ಲವೋ ಎಂಬುದಕ್ಕೇ ಉತ್ತರ ಸಿಗದಿದ್ದರೆ ಅದಕ್ಕೆ ಏನನ್ನಬೇಕು?

ಇತರರನ್ನು ದೂರುವ ಮೊದಲು ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಎಂಬತ್ತರ ದಶಕದ ನಡುವಿನಲ್ಲಿ ಅಣ್ಣ ದುಬೈಯಿಂದ ತಂದ ಟೂ-ಇನ್-ಒನ್ ಮನೆಗೆ ಬಂದ ಮೇಲೆ ರೇಡಿಯೊದ ಕ್ರೀಡಾ ಕಾರ್ಯಕ್ರಮಗಳನ್ನು ಕ್ಯಾಸೆಟ್ಟಿಗೆ ಇಳಿಸಿಕೊಳ್ಳುವ ಹುಚ್ಚು ಹತ್ತಿತ್ತು. ನಲವತ್ತಕ್ಕೂ ಹೆಚ್ಚು ಕ್ಯಾಸೆಟ್ ತುಂಬಿಸಿದೆ. ತಂಗಿಯ ಮದುವೆಯ ಹಿಂದಿನ ರಾತ್ರಿ ಸೋಬಾನೆ ಪದಗಳನ್ನು ಮುದ್ರಿಸಿಕೊಳ್ಳಲು ಖಾಲಿ ಕ್ಯಾಸೆಟ್ ಸಿಗಲಿಲ್ಲ. ಕೈಗೆ ಸಿಕ್ಕ ನಾಲ್ಕನ್ನು ತೆಗೆದು ಅವುಗಳ ಮೇಲೆಯೇ ಮುದ್ರಿಸಿದೆ. ಈಗಲೂ ಅವುಗಳಲ್ಲೊಂದನ್ನು ಹಾಕಿದರೆ, ನನ್ನ ಸೋದರತ್ತೆಯ ಹಾಡು ಮುಗಿದ ಮೇಲೆ ಟೇಪಿನ ಕೊನೆಯಲ್ಲಿ ಹನ್ನೊಂದು ಸೆಕೆಂಡು ಒಬ್ಬ ವಿವರಣೆಗಾರರ ದನಿ ಉಳಿದಿದೆ. ಬೌಲರ್ ತನ್ನ ಗುರುತಿನತ್ತ ನಡೆದುಕೊಂಡು ಹೋಗುತ್ತಿದ್ದಾರೆ ಎನ್ನುತ್ತಾರೆ. ಯಾವ ಬೌಲರ್, ಯಾವ ಪಂದ್ಯ, ನನಗೆ ನೆನಪಿಲ್ಲ. ಅತ್ತೆಯ ಹಾಡು ಉಳಿದದ್ದಕ್ಕೆ ಸಂತೋಷವೇ ಇದೆ. ಆದರೂ ಆ ಹನ್ನೊಂದು ಸೆಕೆಂಡು ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಟೇಪು ತುಟ್ಟಿಯಾಗಿದ್ದ ಕಾಲದಲ್ಲಿ ಒಂದರ ಮೇಲೊಂದು ಮುದ್ರಿಸುವುದು ಮನೆಗಳಲ್ಲಿ ಮಾತ್ರವಲ್ಲ, ಜಗತ್ತಿನ ದೊಡ್ಡ ದೊಡ್ಡ ಪ್ರಸಾರ ಸಂಸ್ಥೆಗಳಲ್ಲೂ ನಡೆದಿದೆ. ಆದ್ದರಿಂದ ಹಿಂದೆ ಅಳಿಸಿಹೋದದ್ದಕ್ಕೆ ಇಂದಿನ ತಮ್ಮನ್ನು ಹೊಣೆ ಮಾಡುವುದು ನ್ಯಾಯವಲ್ಲ. ಇಂದು ಉಳಿದಿರುವುದು ನಾಳೆ ಅಳಿದರೆ ಮಾತ್ರ ಹೊಣೆ ತಮ್ಮದೇ.

ಟೇಪಿಗೂ ಆಯುಸ್ಸಿದೆ. ಪ್ಲಾಸ್ಟಿಕ್ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಹಿಡಿದಿಡುವ ಅಂಟು ಗಾಳಿಯ ತೇವವನ್ನು ಹೀರಿ ವರ್ಷದಿಂದ ವರ್ಷಕ್ಕೆ ಸಡಿಲಗೊಳ್ಳುತ್ತದೆ, ಪುಡಿ ಉದುರುತ್ತದೆ, ಮಳೆನಾಡಿನಲ್ಲಾದರೆ ಬೂಷ್ಟು ಹಿಡಿಯುತ್ತದೆ. ಉಳಿದ ಟೇಪನ್ನು ಓಡಿಸುವ ಯಂತ್ರಗಳೂ, ಅವನ್ನು ರಿಪೇರಿ ಮಾಡುವ ಕೈಗಳೂ ಕಡಿಮೆಯಾಗುತ್ತಿವೆ. ನಮ್ಮೂರಿನಲ್ಲಿ ಆ ಕೆಲಸ ಬಲ್ಲವರು ಒಬ್ಬರೇ ಉಳಿದಿದ್ದಾರೆ, ಅವರಿಗೂ ಎಪ್ಪತ್ತು ದಾಟಿದೆ. ಕಾಗದದ ದಾಖಲೆ ಗೋದಾಮಿನಲ್ಲಿ ಐವತ್ತು ವರ್ಷ ಬಿದ್ದಿದ್ದರೂ ಒರೆಸಿ ಓದಬಹುದು. ಟೇಪಿಗೆ ಆ ಭಾಗ್ಯವಿಲ್ಲ.

ಇದು ಹಳೆಯ ಮಂದಿಯ ಹಂಬಲ ಮಾತ್ರ ಎಂದು ತಾವು ಬದಿಗೆ ಸರಿಸಬಾರದೆಂದು ಕಾನೂನಿನ ಮಾತನ್ನೂ ಸ್ವಲ್ಪ ಹೇಳುತ್ತೇನೆ. 1995ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು, ಅದೂ ಕ್ರಿಕೆಟ್ ಪ್ರಸಾರದ ವ್ಯಾಜ್ಯವೊಂದರಲ್ಲೇ, ಗಾಳಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ತೀರ್ಪು ಕೊಟ್ಟಿತು. 2007ರಲ್ಲಿ ಬಂದ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರ ಪ್ರಸಾರದ ಸಂಕೇತವನ್ನು ಹಕ್ಕು ಕೊಂಡ ಸಂಸ್ಥೆಗಳು ಪ್ರಸಾರ ಭಾರತಿಯೊಂದಿಗೆ ಹಂಚಿಕೊಳ್ಳಲೇಬೇಕು. ಜಾಹೀರಾತಿನ ಆದಾಯದಲ್ಲಿ ಹಕ್ಕುದಾರರಿಗೆ ಸಲ್ಲಬೇಕಾದ ಪಾಲು ದೂರದರ್ಶನದಲ್ಲಾದರೆ ಶೇಕಡಾ 75ಕ್ಕಿಂತ, ರೇಡಿಯೊದಲ್ಲಾದರೆ ಶೇಕಡಾ 50ಕ್ಕಿಂತ ಕಡಿಮೆ ಇರಬಾರದೆಂದೂ ಅದೇ ಕಾಯ್ದೆ ಹೇಳುತ್ತದೆ. ದೂರದರ್ಶನದ ಯುಗದಲ್ಲೂ ಶಾಸನ ಬರೆದವರು ರೇಡಿಯೊವನ್ನು ಮರೆಯಲಿಲ್ಲ ಎಂಬುದು ನನಗೆ ಇದರಲ್ಲಿ ಕಾಣುವ ಸಮಾಧಾನ. ಅಲೆ ಜನರದ್ದಾದರೆ ಆ ಅಲೆಯ ಮೇಲೆ ಹೋದ ಮಾತಿನ ಮೇಲೂ ಜನರಿಗೆ ಒಂದಿಷ್ಟು ಹಕ್ಕು ಇರಬೇಕಲ್ಲವೇ?

ಖಾಸಗಿ ಎಫ್‌ಎಂ ನಿಲಯಗಳ ಮುಖ್ಯಸ್ಥರಿಗೂ ಒಂದು ಮಾತು. 2001ರ ಜುಲೈನಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ಶುರುವಾದದ್ದು ನಮ್ಮ ಬೆಂಗಳೂರಿನಲ್ಲಿ. ಸುದ್ದಿ ಪ್ರಸಾರಕ್ಕೆ ಅನುಮತಿ ಇಲ್ಲ, ಆದ್ದರಿಂದ ಹಾಡು ಮತ್ತು ತಮಾಷೆ ಬಿಟ್ಟು ಬೇರೆ ದಾರಿಯಿಲ್ಲ ಎಂಬ ಮಾತನ್ನು ಆಗಾಗ ಕೇಳುತ್ತೇನೆ. ಆದರೆ ಖಾಸಗಿ ಎಫ್‌ಎಂ ಕುರಿತ ಸರ್ಕಾರದ 2011ರ ಮೂರನೆಯ ಹಂತದ ನೀತಿಯು ಕ್ರೀಡಾ ಸಂಬಂಧಿ ಮಾಹಿತಿಯನ್ನು ಸುದ್ದಿಯ ಬೇಲಿಯಿಂದ ಹೊರಗಿಟ್ಟಿದೆ. ದೊಡ್ಡ ಪಂದ್ಯಗಳ ನೇರ ಪ್ರಸಾರ ಬೇಡ, ಸ್ಥಳೀಯ ಆಟಗಳ ನೇರ ವಿವರಣೆಗೆ ಅವಕಾಶ ಉಂಟು ಎಂದಿದೆ. ಹಾಗಿರುವಾಗ ಕೊಡವ ಕುಟುಂಬಗಳ ಹಾಕಿ ಉತ್ಸವ, ಕರಾವಳಿಯ ಕಂಬಳ, ದಸರಾ ಕುಸ್ತಿ, ಊರೂರಿನ ಕಬಡ್ಡಿ ಇವೆಲ್ಲ ಯಾವ ಕಾನೂನಿನ ಕಾರಣಕ್ಕೆ ತಮ್ಮ ಮೈಕಿಗೆ ದೂರ? ಬೇಡಿಕೆಯಿಲ್ಲ ಎನ್ನುವವರು ಕಂಬಳದ ಗದ್ದೆಯ ಬದುವಿನ ಮೇಲೆ ಒಮ್ಮೆ ನಿಂತು ನೋಡಬೇಕು. ಮೈಕು ಹಿಡಿದವರು ಕೋಣಗಳ ಹೆಸರು, ಮನೆತನ, ಓಡಿಸುವವರ ಹೆಸರು ಕೂಗಿ ಹೇಳುವುದನ್ನು ಕೇಳಲೆಂದೇ ಬರುವ ಜನ ಅಲ್ಲಿದ್ದಾರೆ.

ಟಿವಿಯಲ್ಲಿ, ಮೊಬೈಲಿನಲ್ಲಿ ಈಗ ಕನ್ನಡದಲ್ಲೇ ಕ್ರಿಕೆಟ್ ವಿವರಣೆ ಸಿಗುತ್ತದಲ್ಲ ಎಂದು ತಾವು ಕೇಳಬಹುದು. ಸಿಗುತ್ತದೆ, ಅದಕ್ಕೆ ಸಂತೋಷವಿದೆ. ಆದರೆ ಅದು ಕಣ್ಣಿದ್ದವರಿಗೆ ಕಂಡದ್ದರ ಮೇಲೆ ಆಡುವ ಮಾತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಕಳೆದ ವರ್ಷ ನಮ್ಮ ಮನೆಯಲ್ಲಿ ಪಂದ್ಯ ನೋಡುತ್ತಿದ್ದಾಗ ಪಕ್ಕದಲ್ಲಿ ಕುಳಿತಿದ್ದ ಅವರು, "ಮೇಷ್ಟ್ರೇ, ಇವರು ಅಬ್ಬಬ್ಬಾ ಏನ್ ಶಾಟ್ ಅಂತಾರೆ, ಚೆಂಡು ಯಾವ ಕಡೆ ಹೋಯ್ತು ಅಂತ ಹೇಳೋದೇ ಇಲ್ಲ" ಎಂದರು. ಅಂದು ಸಂಜೆಯವರೆಗೆ ನಾನು ಅವರಿಗೆ ಮೇಷ್ಟ್ರಾದೆ, ಸಾಬರೂ ಆದೆ. ಲಾರಿ ಓಡಿಸುವವರು, ತೋಟದಲ್ಲಿ ಕಾಯಿ ಸುಲಿಯುವವರು, ರಾತ್ರಿ ಪಾಳಿಯ ಕಾವಲುಗಾರರು ಇವರಿಗೂ ಕಣ್ಣು ಬೇರೆ ಕೆಲಸದಲ್ಲಿರುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟು. ಪ್ರತಿ ನಿಲಯವೂ ತನ್ನಲ್ಲಿರುವ ಕ್ರೀಡಾ ಧ್ವನಿಮುದ್ರಣಗಳ ಪಟ್ಟಿಯೊಂದನ್ನು ಮಾಡಿ ಸಾರ್ವಜನಿಕರಿಗೆ ತಿಳಿಯುವಂತೆ ಪ್ರಕಟಿಸಬೇಕು. ಏನೂ ಇಲ್ಲದಿದ್ದರೆ ಏನೂ ಇಲ್ಲ ಎಂದೇ ಪ್ರಕಟಿಸಲಿ; ಇಲ್ಲವೆಂದು ಗೊತ್ತಾಗುವುದೂ ಒಂದು ಉತ್ತರ, "ನೋಡಬೇಕು ಸಾರ್" ಎಂಬುದು ಉತ್ತರವಲ್ಲ. ಇರುವುದನ್ನು ತಡಮಾಡದೆ ಡಿಜಿಟಲ್ ರೂಪಕ್ಕೆ ಇಳಿಸಬೇಕು. ಎಲ್ಲಕ್ಕೂ ಹಣ ಸಾಲದಿದ್ದರೆ ಕನ್ನಡದ ಮಾತುಗಳಿಂದ ಆರಂಭಿಸಬೇಕು, ಏಕೆಂದರೆ ಇಂಗ್ಲಿಷ್ ಹಿಂದಿಯ ಮಾತುಗಳನ್ನು ಕಾಯಲು ದೆಹಲಿಯಲ್ಲಿ ಯಾರಾದರೂ ಇದ್ದಾರು, ಕನ್ನಡದ ಮಾತನ್ನು ಕಾಯುವವರು ಇಲ್ಲಿಯವರೇ ಆಗಬೇಕು. ನಿಲಯಗಳಲ್ಲಿ ಇಲ್ಲದ್ದು ಕೇಳುಗರ ಮನೆಗಳಲ್ಲಿ ಇರಬಹುದು. ಅಟ್ಟದ ಮೇಲೆ, ಟ್ರಂಕಿನಲ್ಲಿ ಕ್ಯಾಸೆಟ್ ಇಟ್ಟುಕೊಂಡವರು ನಾನೊಬ್ಬನೇ ಅಲ್ಲ. ಇಂಥ ದಿನ ಇಂಥಲ್ಲಿಗೆ ತನ್ನಿ, ನಕಲು ಮಾಡಿಕೊಂಡು ಹಿಂದಿರುಗಿಸುತ್ತೇವೆ ಎಂದು ಒಂದು ಪ್ರಕಟಣೆ ಕೊಟ್ಟು ನೋಡಿ.

ಅದರೊಡನೆಯೇ, ವಾರಕ್ಕೊಂದು ಗಂಟೆ ಕನ್ನಡದಲ್ಲಿ ಕ್ರೀಡಾ ಮಾತುಕತೆ ಬೇಕು. ಸ್ಟುಡಿಯೊದಲ್ಲಿ ಇಬ್ಬರು ಪಂಡಿತರು ಪರಸ್ಪರ ಹೊಗಳಿಕೊಳ್ಳುವುದಲ್ಲ. ಕೇಳುಗರ ಕರೆ ತೆಗೆದುಕೊಂಡು ವಾದಕ್ಕೆ ಬಿಡುವುದು. ಅದರಲ್ಲಿ ಒಂದು ಕಾಲು ಗಂಟೆ ಹಳೆಯ ಕೇಳುಗರಿಗೆ ಮೀಸಲಿಡಿ. 1974ರ ಮಾರ್ಚ್‌ನಲ್ಲಿ ಪ್ರಸನ್ನರ ಕರ್ನಾಟಕ ತಂಡ ಹದಿನೈದು ವರ್ಷಗಳ ಬಾಂಬೆಯ ಪಾರುಪತ್ಯ ಮುರಿದು ರಣಜಿ ಟ್ರೋಫಿ ತಂದಾಗ ತಮ್ಮ ಊರಿನಲ್ಲಿ ಏನು ನಡೆಯಿತು, ಅದೇ ನವೆಂಬರಿನಲ್ಲಿ ಚಿನ್ನಸ್ವಾಮಿ ಮೈದಾನದ ಮೊದಲ ಟೆಸ್ಟಿನಲ್ಲಿ ಗ್ರೀನಿಜ್ ಎಂಬ ಹೊಸಬರು 93ಕ್ಕೆ ರನ್ ಔಟ್ ಆದಾಗ ಅಂಗಡಿಯ ಮುಂದೆ ಯಾರು ಏನೆಂದರು, ಇವನ್ನು ಹೇಳಬಲ್ಲವರು ಈಗ ಅರವತ್ತು ಎಪ್ಪತ್ತು ದಾಟಿದವರು. ಮೇಷ್ಟ್ರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಸಾಬರ ಅಂಗಡಿಯ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇದೆ. ಅವರ ಆ ಮೂರು ಮಾತಿನ ವಿವರಣೆ ನನ್ನ ತಲೆಯಲ್ಲಿ ಬಿಟ್ಟು ಬೇರೆಲ್ಲಿಯೂ ಇಲ್ಲ.

ಹಣದ ಮಾತನ್ನು ತಾವು ಎತ್ತುವುದು ಸಹಜ. ಒಂದು ಹಳೆಯ ಡೆಕ್, ಒಂದು ಕಂಪ್ಯೂಟರ್, ಸಾಕಷ್ಟು ತಾಳ್ಮೆ ಇರುವ ಒಬ್ಬರು: ಒಂದು ನಿಲಯದಲ್ಲಿ ಕೆಲಸ ಆರಂಭಿಸಲು ಇಷ್ಟು ಸಾಕು. ತಾಳ್ಮೆಯ ಮನುಷ್ಯರು ಬೇಕಾದರೆ ಸಂಬಳವಿಲ್ಲದೆ ಬಂದು ಕೂರಲು ನಾನು ಸಿದ್ಧ, ನನ್ನಂಥ ನಿವೃತ್ತರು ಇನ್ನೂ ಹತ್ತು ಜನ ಸಿಕ್ಕುತ್ತಾರೆ.

ನನ್ನಲ್ಲಿ ಉಳಿದಿರುವ ಮೂವತ್ತೆಂಟು ಕ್ಯಾಸೆಟ್ಟುಗಳು ಸ್ಟೀಲಿನ ಟ್ರಂಕಿನಲ್ಲಿ, ಒಂದೊಂದರ ಮೇಲೂ ತಿಂಗಳು ಇಸವಿ ಬರೆದ ಚೀಟಿಯೊಡನೆ ಇವೆ. ಟೂ-ಇನ್-ಒನ್ನಿನ ಬೆಲ್ಟನ್ನು ಕಳೆದ ಶ್ರಾವಣದಲ್ಲಿ ಬದಲಾಯಿಸಿದ್ದೇನೆ, ಓಡುತ್ತಿದೆ. ಈ ಪತ್ರ ಪ್ರಕಟವಾದ ಮೇಲೆ ಯಾವುದೇ ನಿಲಯದವರು ಬರುವುದಾದರೆ ಒಂದು ರಸೀದಿ ಪಡೆದು ಎಲ್ಲವನ್ನೂ ಕೊಡುತ್ತೇನೆ. ಸೋಬಾನೆ ಪದಗಳಿರುವ ನಾಲ್ಕನ್ನು ಮಾತ್ರ ನಕಲು ಮಾಡಿಕೊಂಡು ವಾಪಸು ಕೊಡಬೇಕು.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಹಳೆಯ ಕೇಳುಗ
ತಿಪಟೂರು